ನೀಲಿಯಾದ ದೇವರ ಎತ್ತು

ಮನೆಯಲ್ಲೇ ಸ್ಕ್ಯಾನ್ ಮಾಡಿದ ಮೊದಲ ನೆಗೆಟಿವ್ ಕಂಪ್ಯೂಟರಿನಲ್ಲಿ ತೆರೆದಾಗ ನನ್ನಿವಾಳದ ದೇವರ ಎತ್ತು ನೀಲಿಯಾಗಿತ್ತು. ಪಂಚೆಗೆ ನೀಲಿ ಜಾಸ್ತಿಯಾದಾಗ ಆಗುತ್ತಲ್ಲ, ಹಂಗೆ. ಅದರ ಕಾಲಡಿಯ ಕೆಮ್ಮಣ್ಣು ಸಿಮೆಂಟು ಸುರಿದಂತೆ ಬೂದಿ. ಪಕ್ಕದಲ್ಲಿ ನಿಂತ ದೊಡ್ಡಪ್ಪ ವಾರಗಟ್ಟಲೆ ಜ್ವರ ಬಂದು ಎದ್ದವರ ಥರ ಕಾಣ್ತಿದ್ದರು. ನಾನು ಮಾಡಿದ್ದು ಇಷ್ಟೇ: ‘ಆಟೋ ಕಲರ್’ ಅನ್ನೋ ಗುಂಡಿ ಒತ್ತಿದ್ದು.

ಆ ಗುಂಡಿಯ ಮೇಲೆ ನನಗಿರುವ ತಕರಾರೇ ಈ ಬರಹ.

ನಮ್ಮನೇಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬಾ ನೆಗೆಟಿವ್‌ಗಳಿವೆ. ಎಲ್ಲ 1980ರ ದಶಕದ ಕೊನೆಯಿಂದ ಈಚಿನವು. ಚಳ್ಳಕೆರೆ ಸೀಮೆಯಲ್ಲಿ ಮಳೆ ಕಮ್ಮಿ, ಹಾಗಾಗಿ ಬೂಷ್ಟು ಹಿಡಿದಿಲ್ಲ. ಆದರೆ ಬಿಸಿಲು ಬಿಡಬೇಕಲ್ಲ? ಸೆಕೆಗೆ ಫಿಲ್ಮಿನ ಬಣ್ಣಗಳು ನಿಧಾನಕ್ಕೆ ಮಾಸುತ್ತವೆ, ಅದೂ ಮೂರೂ ಬಣ್ಣ ಸಮನಾಗಿ ಅಲ್ಲ. ಇನ್ನು ಧೂಳಿನ ಮಾತು ಬೇಡ. ಫ್ಯಾನ್ ಆರಿಸಿ, ಬಾಗಿಲು ಹಾಕಿ ಕೂತರೂ ಪ್ರತಿ ಚಿತ್ರದಲ್ಲೂ ನಮ್ಮೂರು ಒಂದಿಷ್ಟು ಬಂದು ಕೂತಿರುತ್ತೆ.

ನೆಗೆಟಿವ್ ಬೆಳಕಿಗೆ ಹಿಡಿದರೆ ಕಿತ್ತಳೆ ಬಣ್ಣ ಕಾಣುತ್ತಲ್ಲ, ಅದು ಹಳೆಯದಾಗಿ ಬಂದ ಕಲೆ ಅಂತ ನಾನು ಬಹಳ ದಿನ ತಿಳಿದಿದ್ದೆ. ಅಲ್ಲ. ಫಿಲ್ಮಿನ ಪದರಗಳಲ್ಲಿರೋ ವರ್ಣದ್ರವ್ಯಗಳು ಪೂರ್ತಿ ಶುದ್ಧವಲ್ಲ; ಆ ದೋಷ ಸರಿದೂಗಿಸಲು ಕಂಪನಿಯವರೇ ಹಾಕಿದ ಮುಸುಕು ಅದು. 1972ರಲ್ಲಿ ಬಂದು ಇವತ್ತಿಗೂ ನಡೆಯುತ್ತಿರುವ ಸಿ-41 ಸಂಸ್ಕರಣೆಯ ಫಿಲ್ಮುಗಳಲ್ಲಿ ನಾವು ನೋಡುವುದು ಇದನ್ನೇ. ಹಾಗಾಗಿ ಚಿತ್ರವನ್ನು ಬರೀ ಉಲ್ಟಾ ಮಾಡಿದರೆ ಸಾಲದು. ಮೊದಲು ಆ ಕಿತ್ತಳೆಯನ್ನು ಕಳೆಯಬೇಕು, ಆಮೇಲೆ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ತೂಗಿಸಬೇಕು.

ತೂಗುವವರು ಯಾರು? ಆಟೋ ಗುಂಡಿ ‘ನಾನಿದ್ದೀನಿ’ ಅನ್ನುತ್ತೆ. ಇಂಥ ಗುಂಡಿಗಳ ಹಿಂದೆ ಸಾಮಾನ್ಯವಾಗಿ ಇರೋ ಲೆಕ್ಕ ಸರಳ: ಚಿತ್ರದ ಎಲ್ಲ ಬಣ್ಣ ಕಲೆಸಿದರೆ ಸರಾಸರಿ ಬೂದಿ ಬರಬೇಕು. ಆಕಾಶ, ಮರ, ಗೋಡೆ, ಜನ ಎಲ್ಲ ಬೆರೆತ ಪಟ್ಟಣದ ಫೋಟೋಗೆ ಇದು ನಡೆದೀತು. ನನ್ನಿವಾಳದ ಫೋಟೋದ ಮುಕ್ಕಾಲು ಪಾಲು ಕೆಮ್ಮಣ್ಣು, ಒಣಗಿದ ಹುಲ್ಲು, ಬಿಸಿಲಲ್ಲಿ ಬೆಂದ ಮೈ. ಇದರ ಸರಾಸರಿ ಬೂದಿ ಹೇಗಾಗುತ್ತೆ? ಗುಂಡಿ ಮಾತ್ರ ‘ಕೆಂಪು ಜಾಸ್ತಿಯಾಯ್ತು’ ಅಂತ ಕಿತ್ತು ಹಾಕಿತು. ಎತ್ತು ನೀಲಿಯಾಯಿತು. ಅಂದರೆ ಅದು ಸುಮ್ಮನೆ ಕೈತಪ್ಪಲ್ಲ, ಲೋಕ ಹೇಗಿರಬೇಕು ಅನ್ನೋದರ ಬಗ್ಗೆ ಒಂದು ಅಭಿಪ್ರಾಯ. ನಮ್ಮ ಊರು ಆ ಅಭಿಪ್ರಾಯದಲ್ಲಿ ಇಲ್ಲ.

ಆಮೇಲೆ ಕೈಯಲ್ಲೇ ಮಾಡಲು ಕೂತೆ. ಮೊಬೈಲ್ ಪರದೆ ಮೇಲೆ ನೆಗೆಟಿವ್ ಇಟ್ಟು ಫೋಟೋ ತೆಗೆದೆ. ಪರದೆಯ ಚುಕ್ಕಿಗಳೇ ಮುಖದ ಮೇಲೆ ಮೂಡಿದವು. ಒಳ್ಳೆ ಎಲ್‌ಇಡಿ ಫಲಕ, ಮ್ಯಾಕ್ರೋ ಲೆನ್ಸ್ ತಂದ ಮೇಲೆ ಸರಿಹೋಯ್ತು. ಕ್ಯಾಮೆರಾದಲ್ಲಿ ರಾ ಫೈಲ್ ತೆಗೆದು, ಫಿಲ್ಮಿನ ಖಾಲಿ ಅಂಚಿನಿಂದ ಕಿತ್ತಳೆಯ ಅಳತೆ ಹಿಡಿದೆ. ಒಂದು ರೋಲಿನಲ್ಲಿ ಒಂದು ಚಿತ್ರ ಚೆನ್ನಾಗಿ ಕೂತರೆ, ಅದೇ ಅಳತೆಯನ್ನು ಅದೇ ಬೆಳಕಲ್ಲಿ ತೆಗೆದ ಉಳಿದ ಚಿತ್ರಗಳಿಗೂ ಹಾಕಿದೆ. ಆಟೋ ಮಾಡುವ ಇನ್ನೊಂದು ಅನ್ಯಾಯವೇ ಇದು: ಒಂದೇ ಮಧ್ಯಾಹ್ನದ ಹತ್ತು ಚಿತ್ರಕ್ಕೆ ಹತ್ತು ಬಣ್ಣ.

‘ಬಿಳಿ ಇರುವ ಕಡೆ ಒತ್ತಿ, ಉಳಿದದ್ದು ತಾನೇ ಸರಿಯಾಗುತ್ತೆ’ ಅಂತ ಬಲ್ಲವರು ಹೇಳ್ತಾರೆ. ದೊಡ್ಡಪ್ಪನ ಪಂಚೆ ಮೇಲೆ ಒತ್ತಿದೆ. ಇಡೀ ಚಿತ್ರ ಅರಿಶಿನ! ಪಂಚೆ ಬಿಳಿಯಲ್ಲ ಸ್ವಾಮಿ, ನೀಲಿ ಹಾಕಿ ಒಗೆದದ್ದು.

ನಿಜವಾದ ಪಾಠ ಆಗಿದ್ದು ಅವ್ವನ ಮದುವೆ ರೋಲಿನಲ್ಲಿ. ಆಲ್ಬಮ್ಮಿನ ಪ್ರಿಂಟಿನಲ್ಲಿ ಅವ್ವ ಹಾಲಿನಂತೆ ಬೆಳ್ಳಗಿದ್ದಾಳೆ, ಮೂಗು ಎಲ್ಲಿ ಮುಗೀತು ಕೆನ್ನೆ ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ನೆಗೆಟಿವ್‌ನಲ್ಲಿ ಎಲ್ಲ ಇದೆ: ಕಪ್ಪು ಮಿರುಗುವ ಮೈ, ಹಣೆಯ ಬೆವರು, ಅಳು ತಡೆದ ತುಟಿ. ಪ್ರಿಂಟ್ ಹಾಕಿದವರು ಅದನ್ನೆಲ್ಲ ಬೆಳಗಿಸಿ ಅಳಿಸಿದ್ದರು. ಕೊಡಾಕ್ ಕಂಪನಿ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕೊಡುತ್ತಿದ್ದ ‘ಶರ್ಲಿ ಕಾರ್ಡ್’ ಮೇಲೆ ದಶಕಗಳ ಕಾಲ ಇದ್ದದ್ದು ಬಿಳಿ ಹೆಂಗಸಿನ ಮುಖ. ಬೇರೆ ಮೈಬಣ್ಣದ ಮುಖಗಳು ಜೊತೆಗೆ ಬಂದದ್ದು 1990ರ ದಶಕದಲ್ಲಿ. ನಮ್ಮ ಕಡೆ ಆ ಕಾರ್ಡೂ ಬೇಕಿರಲಿಲ್ಲ ಬಿಡಿ. ಬೆಳ್ಳಗಿದ್ದರೇ ಚೆಂದ ಅನ್ನೋ ನಂಬಿಕೆ ಮನೆಮನೆಯಲ್ಲೂ ಇತ್ತು.

ಸರಿಮಾಡಿದ್ದನ್ನು ಹೆಮ್ಮೆಯಿಂದ ಅವ್ವನಿಗೆ ತೋರಿಸಿದೆ. “ಮದುವೆ ದಿನನಾದ್ರೂ ಬೆಳ್ಳಗಿದ್ದೆ, ಅದನ್ನೂ ತೆಗೆದುಬಿಟ್ಟೆಯಲ್ಲೋ” ಅಂದಳು. ನನ್ನ ಬಾಯಿ ಕಟ್ಟಿತು. ಸ್ವಲ್ಪ ಹೊತ್ತು ನೋಡಿ, “ಸೀರೆ ಹಿಂಗಿರಲಿಲ್ಲ” ಅಂತ ಎದ್ದು ಹೋಗಿ ಟ್ರಂಕಿನಿಂದ ಮೊಳಕಾಲ್ಮೂರು ಸೀರೆ ತಂದಳು. ಒಳಮಡಿಕೆ ಬಿಚ್ಚಿದಳು. ಅಲ್ಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಕಿಟಕಿಯ ಬೆಳಕಲ್ಲಿ ಅದನ್ನು ಪರದೆ ಪಕ್ಕ ಹಿಡಿದು, “ಇನ್ನೂ ಸ್ವಲ್ಪ ಕೆಂಪು... ಅಷ್ಟಲ್ಲ... ಹಾಂ, ಈಗ ಬಂತು ನೋಡು.” ಸೀರೆ ಸರಿಯಾದ ಕೂಡಲೇ, ನಾನು ಮುಟ್ಟದಿದ್ದರೂ, ಮುಖವೂ ಸರಿಯಾಗಿತ್ತು. ಈ ಸಲ ಅವ್ವ ಬಣ್ಣದ ಮಾತು ಎತ್ತಲಿಲ್ಲ. “ಅವತ್ತು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ” ಅಂದಳು.

ಫಿಲ್ಮೇನು ಸತ್ಯಹರಿಶ್ಚಂದ್ರ ಅಂತ ನಾನು ಹೇಳಲ್ಲ. ಒಂದೊಂದು ಕಂಪನಿಯ ಫಿಲ್ಮಿಗೆ ಒಂದೊಂದು ವಾಲಿಕೆ. ನಮ್ಮ ರೋಲುಗಳಲ್ಲಿ ನೆರಳಿನ ಭಾಗ ಹಸಿರು ತಿರುಗಿದೆ, ಅದನ್ನು ತಿದ್ದಲು ಹೋದರೆ ಬಿಸಿಲಿನ ಭಾಗ ಕೆಡುತ್ತೆ, ಹಾಗೇ ಬಿಟ್ಟಿದ್ದೀನಿ. ಆದರೆ ಬಣ್ಣಕ್ಕೆ ಸಾಕ್ಷಿ ಬೇಕು ಅಂದಾಗ ಯಾರನ್ನು ಕರೀತೀವಿ ಅನ್ನೋದು ಮುಖ್ಯ. ಎಲ್ಲೋ ಕೂತು ಬರೆದ ಸರಾಸರಿಯನ್ನೋ, ಟ್ರಂಕಿನಲ್ಲಿರೋ ಸೀರೆಯನ್ನೋ?

ದೇವರ ಎತ್ತನ್ನು ಕೊನೆಗೆ ಹಿತ್ತಲಿಂದ ಒಂದು ಹಿಡಿ ಮಣ್ಣು ತಂದು ಮೇಜಿನ ಮೇಲಿಟ್ಟುಕೊಂಡು ಸರಿಮಾಡಿದೆ. ಕಿಲಾರಿಯೊಬ್ಬರಿಗೆ ತೋರಿಸಿದರೆ ಬಣ್ಣದ ಬಗ್ಗೆ ತುಟಿ ಬಿಚ್ಚಲಿಲ್ಲ. ಎತ್ತಿನ ಹೆಸರು ಹೇಳಿದರು.