ಸವಾರನಿಗೆ ಇನ್ನೊಂದು ಬಾಗಿಲು ಬೇಕು

ಮೈಸೂರು ಸೀಮೆಯ ಹನಗೋಡಿನ ಕಡೆ ಐವತ್ತು ದಾಟಿದ ಯಾರ ಮುಂದಾದರೂ ಜಾವಾ, ಎಜ್ಡಿ ಬೈಕುಗಳ ವಿಷಯ ತೆಗೆಯಿರಿ, ಮಾತು ಬೇಗ ಮುಗಿಯುವುದಿಲ್ಲ. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್ ಇದ್ದದ್ದು, ಜೋಡಿ ಸೈಲೆನ್ಸರಿನ ಸದ್ದು, ಕೆಸರು ದಾರಿಯಲ್ಲೂ ಮುಗ್ಗರಿಸದ ಅದರ ತಾಕತ್ತು, ಎಲ್ಲವೂ ಬಾಯಿಪಾಠ. ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿಹೋಯಿತು. ಆದರೂ ಪ್ರತಿ ಜುಲೈ ತಿಂಗಳ ಎರಡನೇ ಭಾನುವಾರ ಆ ಗಾಡಿಗಳ ಹೆಸರಿನಲ್ಲಿ ಅಭಿಮಾನಿಗಳು ಇವತ್ತಿಗೂ ಸೇರುತ್ತಾರೆ. ಅವೇ ಗಾಡಿಗಳು ಮದ್ರಾಸಿನ ಹತ್ತಿರದ ಶೋಳಾವರಂ ಹಳೇ ರನ್‌ವೇಯಲ್ಲಿ ರೇಸಿಗೂ ಇಳಿದಿದ್ದವು. ಅಲ್ಲಿ ಅವುಗಳನ್ನು ಓಡಿಸಿದವರು ಯಾರು ಎಂದು ಕೇಳಿದರೆ ಮಾತ್ರ ನಮ್ಮ ಕಡೆ ಉತ್ತರ ಬರುವುದಿಲ್ಲ.

ಜನ ಮರೆತರು ಎಂದು ಹೇಳಿ ಇದನ್ನು ಮುಗಿಸಲು ನನಗೆ ಮನಸ್ಸಿಲ್ಲ. ನಮ್ಮ ದೇಶದ ಬೈಕ್ ರೇಸಿಂಗ್ ಮೊದಲಿನಿಂದಲೂ ಗಾಡಿ ಮಾರುವವರ ಕೈಯಲ್ಲಿ ಬೆಳೆದಿದೆ. ಗೆದ್ದ ಮರುದಿನದ ಜಾಹೀರಾತಿನಲ್ಲಿ ದೊಡ್ಡದಾಗಿ ಬರುವುದು ಬೈಕು. ಸವಾರ ಹೆಲ್ಮೆಟ್ಟಿನೊಳಗೇ ಉಳಿಯುತ್ತಾನೆ. ತಾರೆ ಎನಿಸಿಕೊಂಡ ಸವಾರನಿಗೂ ಬೈಕ್ ಕಂಪನಿಗೂ ನಡೆಯುವ ಜಗಳ ಹೊರದೇಶಗಳಲ್ಲಿ ದಿನನಿತ್ಯದ ಸುದ್ದಿ. ನಮ್ಮಲ್ಲಿ ಅಂಥ ಜಗಳ ಹೊರಗೆ ಕೇಳಿಸುವುದೇ ಅಪರೂಪ. ಆ ಮೌನವನ್ನು ಒಳ್ಳೆಯ ಲಕ್ಷಣವೆಂದು ನಾನು ಒಪ್ಪುವುದಿಲ್ಲ.

ಜಾವಾದ ಕಥೆಯೊಳಗೇ ಅಂಥದ್ದೊಂದು ಜಗಳ ಸೇರಿಕೊಂಡಿದೆ. 1968ರಲ್ಲಿ ಯಮಹಾ ತಂಡದಲ್ಲಿ ಫಿಲ್ ರೀಡ್ ಮತ್ತು ಬಿಲ್ ಐವಿ ಎಂಬ ಇಬ್ಬರು ಇಂಗ್ಲಿಷ್ ಸವಾರರಿದ್ದರು. 125 ಸಿಸಿ ಪ್ರಶಸ್ತಿ ರೀಡ್‌ಗೆ, 250 ಸಿಸಿ ಐವಿಗೆ ಎಂದು ಕಂಪನಿಯೇ ಹಂಚಿಟ್ಟಿತ್ತು. ರೀಡ್ ತನ್ನ ಪಾಲಿನ 125ನ್ನು ಗೆದ್ದುಕೊಂಡ ಮೇಲೆ ಆ ಅಪ್ಪಣೆಯನ್ನು ಬದಿಗೊತ್ತಿ 250ರಲ್ಲೂ ಐವಿಯ ಮೇಲೆ ಬಿದ್ದ. ಅಂಕಗಳು ಸಮವಾದವು, ರೇಸುಗಳ ಒಟ್ಟು ಸಮಯ ಲೆಕ್ಕ ಹಾಕಿ ರೀಡ್‌ಗೇ ಪ್ರಶಸ್ತಿ ಕೊಟ್ಟರು. ಆ ವರ್ಷದ ಕೊನೆಗೆ ಯಮಹಾ ತನ್ನ ಕಾರ್ಖಾನೆ ತಂಡವನ್ನೇ ಹಿಂದಕ್ಕೆ ಕರೆಸಿಕೊಂಡಿತು. ರೀಡ್ ಖಾಸಗಿ ಸವಾರನಾಗಿ ಯಮಹಾ ಬೈಕನ್ನೇ ಓಡಿಸಿ 1971ರಲ್ಲಿ 250 ಸಿಸಿ ವಿಶ್ವ ಪ್ರಶಸ್ತಿಯನ್ನು ಮತ್ತೆ ಗೆದ್ದ. ಐವಿ ಕಾರ್ ರೇಸಿಗೆ ಹೋಗಿ, 1969ರಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ 350 ಸಿಸಿ ನಾಲ್ಕು ಸಿಲಿಂಡರಿನ ಬೈಕಿಗಾಗಿ ಮತ್ತೆ ಬಂದ. ಆ ಜುಲೈ 12ರಂದು ಪೂರ್ವ ಜರ್ಮನಿಯ ಸಾಕ್ಸೆನ್‌ರಿಂಗ್‌ನಲ್ಲಿ ಅಭ್ಯಾಸ ನಡೆಯುವಾಗ ಎಂಜಿನ್ ಕಚ್ಚಿಕೊಂಡು ಬಿದ್ದು ಸತ್ತ. ಅದೇ ಹೆಸರಿನ ಗಾಡಿಗಳು ಆ ಹೊತ್ತಿನಲ್ಲಿ ಮೈಸೂರಿನ ಕಾರ್ಖಾನೆಯಿಂದ ಹೊರಬಂದು ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದವು.

ರೀಡ್ ಮಾಡಿದ್ದು ಸರಿಯೇ ಎಂಬ ವಾದ ಇನ್ನೂ ನಿಂತಿಲ್ಲ. ನಾನು ರೀಡ್ ಪಕ್ಷ. ಯಾರು ಗೆಲ್ಲಬೇಕೆಂದು ಕಚೇರಿಯಲ್ಲಿ ಕೂತು ಹಂಚಿದರೆ ಅದು ರೇಸ್ ಆಗಿ ಉಳಿಯುವುದಿಲ್ಲ. ಆದರೆ ಅವನ ಹಟಕ್ಕೆ ದಂಡ ತೆತ್ತವನು ಐವಿ, ಕಂಪನಿಗೆ ಏನೂ ಆಗಲಿಲ್ಲ ಎಂಬುದನ್ನೂ ಹೇಳಲೇಬೇಕು.

ಈಚಿನ ಪ್ರಸಂಗಗಳೂ ಇದೇ ದಾರಿಯವು. 2021ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ರೇಸಿನಲ್ಲಿ ಎಂಜಿನ್ನಿಗೆ ಬೇಕೆಂದೇ ಹಾನಿಯಾಗುವಂತೆ ಓಡಿಸಿದನೆಂದು ಯಮಹಾ ತನ್ನ ಸವಾರ ಮಾವೆರಿಕ್ ವಿನ್ಯಾಲೆಸ್‌ನನ್ನು ಅಮಾನತು ಮಾಡಿತು. ಕೆಲವೇ ವಾರಗಳಲ್ಲಿ ಆತ ಅಪ್ರಿಲಿಯಾ ಕಂಪನಿಯ ಬೈಕ್ ಏರಿ ರೇಸಿಗೆ ಇಳಿದ. 2022ರಲ್ಲಿ ಸುಜುಕಿ, 2026ರವರೆಗೆ ಒಪ್ಪಂದವಿದ್ದರೂ, ಬೈಕ್ ರೇಸಿನ ಅಗ್ರ ಸರಣಿಯಾದ ಮೋಟೋಜಿಪಿಯಿಂದ ಹೊರನಡೆಯಿತು. ಎರಡೇ ವರ್ಷದ ಹಿಂದೆ ಅದಕ್ಕೆ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟಿದ್ದ ಜೋನ್ ಮೀರ್ ಕೆಲಸ ಹುಡುಕಬೇಕಾಯಿತು. ಮಾರ್ಕ್ ಮಾರ್ಕೆಜ್ ಹೋಂಡಾಕ್ಕೆ ಆರು ಮೋಟೋಜಿಪಿ ಪ್ರಶಸ್ತಿ ತಂದುಕೊಟ್ಟವನು. 2020ರಲ್ಲಿ ಹೆರೆಸ್‌ನಲ್ಲಿ ಬಲಗೈ ಮುರಿದುಕೊಂಡು ನಾಲ್ಕು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ಮರಳಿದಾಗ ಬೈಕೇ ಹಿಂದೆ ಬಿದ್ದಿತ್ತು. ಒಪ್ಪಂದ ಇನ್ನೂ ಒಂದು ವರ್ಷ ಇರುವಾಗಲೇ, 2023ರ ಕೊನೆಗೆ, ಹೋಂಡಾ ಬಿಟ್ಟು ಒಂದು ವರ್ಷ ಹಳೆಯ ಡುಕಾಟಿ ಏರಿದ. 2025ರಲ್ಲಿ ಡುಕಾಟಿಯ ಕಾರ್ಖಾನೆ ತಂಡದಿಂದಲೇ ಮತ್ತೆ ವಿಶ್ವ ಚಾಂಪಿಯನ್ ಆದ.

ವಿನ್ಯಾಲೆಸ್, ಮಾರ್ಕೆಜ್ ಇಬ್ಬರಿಗೂ ತಟ್ಟಲು ಇನ್ನೊಂದು ಬಾಗಿಲಿತ್ತು. ಕಂಪನಿಯೊಂದಿಗೆ ಜಗಳ ಮಾಡಲು ಧೈರ್ಯ ಬಂದದ್ದು ಅಲ್ಲಿಂದ. ಕೊಳ್ಳುವ ಕಂಪನಿಗಳು ಬೆರಳೆಣಿಕೆಯಷ್ಟಾದರೆ ಹರಾಜಿನಲ್ಲಿ ಏನಾಗುತ್ತದೆ ಎಂಬುದನ್ನು ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪು ಬೆಳೆಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಸವಾರರ ಸ್ಥಿತಿಯೂ ಅದೇ.

ಸಿ.ಎಸ್. ಸಂತೋಷ್ ಅವರನ್ನೇ ನೋಡಿ. ಬೆಂಗಳೂರಿನ ಈ ಸವಾರ 2015ರಲ್ಲಿ ಮರುಭೂಮಿ ದಾಟುವ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು. ಕೆಟಿಎಂ ಬೈಕಿನಲ್ಲಿ 36ನೇ ಸ್ಥಾನ. ಆಗ ಅವರ ಬೆನ್ನಿಗೆ ಭಾರತದ ಯಾವ ಕಂಪನಿಯ ಡಕಾರ್ ತಂಡವೂ ಇರಲಿಲ್ಲ. ಹೀರೋ ತನ್ನ ರ‍್ಯಾಲಿ ತಂಡ ಕಟ್ಟಿದ್ದು 2016ರಲ್ಲಿ. ಅಂದರೆ ದಾರಿ ತೋರಿಸಿದವರು ಸವಾರ, ಕಂಪನಿ ಆಮೇಲೆ ಬಂತು. 2021ರ ಜನವರಿ 6ರಂದು, ಅದೇ ಹೀರೋ ತಂಡಕ್ಕಾಗಿ ಡಕಾರ್ ಓಡುವಾಗ, ಸೌದಿ ಅರೇಬಿಯಾದ ಮರಳಿನಲ್ಲಿ ಅವರು ಬಿದ್ದರು. ತಲೆಗೆ ಪೆಟ್ಟಾಗಿ ರಿಯಾದ್ ಆಸ್ಪತ್ರೆಯಲ್ಲಿ ವೈದ್ಯರೇ ಪ್ರಜ್ಞೆ ತಪ್ಪಿಸಿ ಇಡಬೇಕಾಯಿತು. ಮುಂದಿನ ವರ್ಷ ಹೀರೋ ತಂಡಕ್ಕೆ ಮೊದಲ ಸ್ಟೇಜ್ ಗೆಲುವನ್ನು ಪೋರ್ಚುಗಲ್‌ನ ಜೋಕಿಮ್ ರೊಡ್ರಿಗಸ್ ತಂದರು. 2024ರಲ್ಲಿ ಬೋಟ್ಸ್ವಾನಾದ ರಾಸ್ ಬ್ರಾಂಚ್ ಎರಡನೇ ಸ್ಥಾನ ಗಳಿಸಿದರು. ಭಾರತದ ಕಂಪನಿಯೊಂದು ಡಕಾರ್ ವೇದಿಕೆ ಏರಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ವೇಗದ ಸವಾರ ಎಲ್ಲಿ ಸಿಕ್ಕರೂ ಕರೆತರುವ ಹಕ್ಕು ಕಂಪನಿಗಿದೆ, ಅದನ್ನು ಆಕ್ಷೇಪಿಸಲಾರೆ. ಆದರೆ ಅಂಥ ವೇಗಕ್ಕೆ ಬೇಕಾದ ಮರುಭೂಮಿಯ ಅನುಭವ ನಮ್ಮ ಹುಡುಗರಿಗೆ ಕಂಪನಿಯ ಒಪ್ಪಿಗೆಯಿಲ್ಲದೆ ಸಿಗುವ ದಾರಿ ಎಲ್ಲಿದೆ? ಅಷ್ಟು ಹಣ ಕೈಯಿಂದ ಹಾಕುವ ಶಕ್ತಿ ಎಷ್ಟು ಮನೆಗಳಿಗಿದೆ?

ಉಡುಪಿಯ ಕೆ.ಪಿ. ಅರವಿಂದ್ ಶೆರ್ಕೊ ಟಿವಿಎಸ್ ತಂಡದಿಂದ 2017, 2018ರಲ್ಲಿ ಡಕಾರ್ ಅನ್ನು ಅರ್ಧಕ್ಕೆ ಬಿಡಬೇಕಾಗಿ ಬಂದು, 2019ರಲ್ಲಿ 37ನೆಯವರಾಗಿ ಮುಗಿಸಿದರು. ಕನ್ನಡಿಗರ ಮನೆಮಾತಾಗಿದ್ದು ಮಾತ್ರ 2021ರಲ್ಲಿ, ಬಿಗ್ ಬಾಸ್ ಎಂಟನೇ ಸೀಸನ್ನಿನಲ್ಲಿ ಎರಡನೇ ಸ್ಥಾನ ಪಡೆದಾಗ. ಹದಿನೈದು ವರ್ಷದ ರೇಸಿಂಗ್ ಕೊಡದ ಹೆಸರನ್ನು ಒಂದು ಟೀವಿ ಮನೆ ಕೊಟ್ಟಿತು ಎಂದರೆ ನಮ್ಮ ಪತ್ರಿಕೆಗಳೂ ತಲೆ ತಗ್ಗಿಸಬೇಕು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೆ ಪೆಟ್ಟು ಮಾಡಿಕೊಂಡವರು. ಮರುವರ್ಷ ಎಫ್‌ಐಎಂ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗವನ್ನೇ ಗೆದ್ದರು. ಅವರ ಹೆಸರು ನಮ್ಮ ಶಾಲೆಗಳ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು?

ಕಂಪನಿಗಳ ಕೊಡುಗೆಯನ್ನು ಅಲ್ಲಗಳೆಯುವುದು ಅನ್ಯಾಯ. ಟಿವಿಎಸ್, ಹೋಂಡಾ, ರಾಯಲ್ ಎನ್‌ಫೀಲ್ಡ್ ನಡೆಸುವ ಒನ್‌ಮೇಕ್ ರೇಸುಗಳಲ್ಲಿ ಎಲ್ಲರಿಗೂ ಒಂದೇ ಬೈಕು. ಅಪ್ಪನ ದುಡ್ಡಿಗಿಂತ ಹುಡುಗನ ಕೈಚಳಕ ಅಲ್ಲಿ ಎದ್ದು ಕಾಣುತ್ತದೆ, ಇದು ನಿಜವಾದ ಲಾಭ. ಆದರೆ ಬೈಕು, ಆಯ್ಕೆ, ಪ್ರಚಾರ ಎಲ್ಲವೂ ಒಬ್ಬನದೇ ಆದ ಕಡೆ ಸವಾರ ಎದುರು ಮಾತಾಡುವುದು ಹೇಗೆ? ಬ್ರೇಕು ಸರಿಯಿಲ್ಲ, ಟೈರು ಸರಿಯಿಲ್ಲ ಎನ್ನುವುದಕ್ಕೂ ಹುಡುಗ ಮುಂದಿನ ವರ್ಷದ ಸೀಟು ನೆನೆದು ಹಿಂಜರಿಯುವಂತಾದರೆ ಕೆಡುವುದು ಬೈಕೇ. ರೀಡ್, ಮಾರ್ಕೆಜ್‌ರಂಥವರ ಗೊಣಗಾಟ ಕಂಪನಿಗಳಿಗೆ ಕಿರಿಕಿರಿಯಾದರೂ ಒಳ್ಳೆಯ ಬೈಕು ಹುಟ್ಟುವುದಕ್ಕೆ ಅದೂ ಒಂದು ಕಾರಣ.

ಎದುರು ಮಾತಾಡಿದ ಹಳೆಯ ಉದಾಹರಣೆಯೊಂದಿದೆ. 1955ರಲ್ಲಿ ಹಾಲೆಂಡಿನ ಅಸೆನ್‌ನಲ್ಲಿ ಖಾಸಗಿ ಸವಾರರು ತಮಗೆ ಕೊಡುವ ಹಣ ಸಾಲದೆಂದು ಒಂದೇ ಸುತ್ತು ಓಡಿಸಿ ರೇಸಿನಿಂದ ಹೊರಬಂದರು. ಗಿಲೆರಾ ಕಾರ್ಖಾನೆಯ ತಾರೆ ಜೆಫ್ ಡ್ಯೂಕ್‌ಗೆ ಹಣದ ಕೊರತೆ ಇರಲಿಲ್ಲ, ಆದರೂ ಅವರ ಜೊತೆ ನಿಂತ. ಆರು ತಿಂಗಳ ನಿಷೇಧ ಹೊತ್ತ, 1956ರ ಸೀಸನ್ ಕೆಟ್ಟುಹೋಯಿತು. ನಮ್ಮ ತಾರೆಗಳಿಂದ ನಾನು ನಿರೀಕ್ಷಿಸುವುದು ಆ ಬಗೆಯ ಒಂದು ಮಾತು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹೊಲದ ದಾರಿಗಳಲ್ಲಿ ಬೈಕು ಹಾರಿಸಲು ಕಲಿಯುವ ಹುಡುಗ ಯಾವತ್ತೋ ಒಂದು ದಿನ ಕಂಪನಿಯ ಕಾಗದಕ್ಕೆ ಸಹಿ ಹಾಕುವಾಗ, ಅದರಲ್ಲಿ ಪೆಟ್ಟಾದರೆ ಪೂರ್ತಿ ಗುಣವಾಗುವವರೆಗಿನ ಚಿಕಿತ್ಸೆಯ ಹೊಣೆ ಬರೆದಿರಬೇಕು. ಕಂಪನಿ ರೇಸಿಗಿಳಿಸದ ವರ್ಷ ಬೇರೆ ತಂಡದಲ್ಲಿ ಓಡುವ ಸ್ವಾತಂತ್ರ್ಯವೂ ಇರಬೇಕು. ರಾಷ್ಟ್ರೀಯ ರೇಸುಗಳನ್ನು ನೋಡಿಕೊಳ್ಳುವ ಎಫ್‌ಎಂಎಸ್‌ಸಿಐ ಇಂಥ ಮಾದರಿ ಒಪ್ಪಂದವೊಂದನ್ನು ಬರೆದು, ಅದಕ್ಕೆ ಒಪ್ಪಿದ ಕಂಪನಿಗಳಿಗೆ ಮಾತ್ರ ತಂಡ ಇಳಿಸಲು ಅನುಮತಿ ಕೊಡಲಿ.