ಅಗ್ಗದ ಪ್ಯಾರಿಸ್, ಯಾರಿಗೆ?

ಪ್ಯಾರಿಸ್ ನಗರದ ಐದನೆಯ ವಿಭಾಗದಲ್ಲಿ ಮುಫ್ತಾರ್ ಎಂಬ ಇಳಿಜಾರಿನ ಸಂತೆಬೀದಿ ಇದೆ. ಅದರ ತಲೆಯ ಮೇಲೆ ಕಾಂತ್ರೆಸ್ಕಾರ್ಪ್ ಎಂಬ ಪುಟ್ಟ ಚೌಕ. ಚೌಕದಿಂದ ಒಂದು ಕಡೆಗೆ ಹೊರಟರೆ ಕಾರ್ದಿನಾಲ್ ಲೆಮ್ವಾನ್ ಬೀದಿಯ ೭೪ನೆಯ ನಂಬರಿನ ಮನೆ. ಇನ್ನೊಂದು ಕಡೆಗೆ ಇಳಿದರೆ ಪೋ ದ ಫೆರ್ ಎಂಬ ಓಣಿ. ಆ ಮನೆಯಲ್ಲಿ ೧೯೨೨ರಲ್ಲಿ ಅಮೆರಿಕದ ಅರ್ನೆಸ್ಟ್ ಹೆಮಿಂಗ್ವೇ ಹೆಂಡತಿಯೊಡನೆ ಸಂಸಾರ ಹೂಡಿದ್ದ. ಆ ಓಣಿಯ ಹೋಟೆಲೊಂದರಲ್ಲಿ ೧೯೨೮ರಲ್ಲಿ ಎರಿಕ್ ಬ್ಲೇರ್ ಎಂಬ ಇಂಗ್ಲಿಷ್ ತರುಣ ಕೋಣೆ ಹಿಡಿದ. ಮುಂದೆ ಜಾರ್ಜ್ ಆರ್ವೆಲ್ ಎಂದು ಹೆಸರಾದವನು ಇವನೇ. ಎರಡು ಬಿಡಾರಗಳ ನಡುವೆ ಎಲೆಯಡಿಕೆ ಮೆಲ್ಲುವಷ್ಟು ಹೊತ್ತಿನ ದಾರಿ. ಇಬ್ಬರೂ ಪರದೇಶಿಗಳು, ಇಬ್ಬರೂ ಬರೆಯಲೆಂದು ಬಂದವರು, ಇಬ್ಬರೂ ಅಲ್ಲಿ ತಾವು ಬಡವರಾಗಿದ್ದುದನ್ನು ಕುರಿತು ಒಂದೊಂದು ಪುಸ್ತಕ ಬರೆದರು. ಈಚೆಗೆ ಆ ಎರಡನ್ನೂ ಒಂದರ ಬೆನ್ನಿಗೆ ಒಂದರಂತೆ ಓದಿದೆ. ಕೈಯಲ್ಲಿ ಪೆನ್ಸಿಲು ಹಿಡಿದು, ಹಣದ ಮಾತು ಬಂದಲ್ಲೆಲ್ಲ ಗೀಟು ಹಾಕುತ್ತ ಓದಿದೆ. ಸಾಹಿತ್ಯವನ್ನು ಓದುವ ಕ್ರಮ ಇದಲ್ಲವೆಂದು ಕೆಲವರು ಹೇಳಬಹುದು. ಈ ಎರಡು ಪುಸ್ತಕಗಳ ಮಟ್ಟಿಗಾದರೂ ಇದೇ ಸರಿಯಾದ ಕ್ರಮವೆಂದು ನನ್ನ ನಂಬಿಕೆ.

ಹೆಮಿಂಗ್ವೇಯ ‘ಎ ಮೂವಬಲ್ ಫೀಸ್ಟ್’ ಅವನು ತೀರಿಕೊಂಡ ಮೂರು ವರ್ಷಗಳ ಮೇಲೆ, ೧೯೬೪ರಲ್ಲಿ ಹೊರಬಂತು. ಅದನ್ನು ಮೆಚ್ಚದವರು ವಿರಳ. ೨೦೧೫ರ ನವೆಂಬರಿನಲ್ಲಿ ಪ್ಯಾರಿಸ್ಸಿನ ಮೇಲೆ ದಾಳಿ ನಡೆದಾಗ ಆ ಊರಿನ ಜನ ಸತ್ತವರ ನೆನಪಿಗೆ ಹೂವಿನ ಜತೆಯಲ್ಲಿ ಈ ಪುಸ್ತಕದ ಫ್ರೆಂಚ್ ಅನುವಾದವನ್ನೂ ಇಟ್ಟರು. ಅಂಗಡಿಗಳಲ್ಲಿ ಪ್ರತಿ ಸಿಗದಂತಾಯಿತು. ಅಷ್ಟು ಪ್ರೀತಿಗೆ ಕಾರಣವಿದೆ. ಹಸಿವನ್ನು ಕುರಿತ ಅಧ್ಯಾಯವನ್ನೇ ನೋಡಿ. ತಿಂಡಿಯಂಗಡಿಗಳ ಪರಿಮಳ ಮೂಗಿಗೆ ಬಡಿಯದ ದಾರಿ ಹುಡುಕಿ ಲೇಖಕ ಲಕ್ಸೆಂಬೂರ್ ಉದ್ಯಾನದ ಮೂಲಕ ನಡೆಯುತ್ತಾನೆ. ಹೊಟ್ಟೆ ಖಾಲಿಯಿದ್ದಾಗ ಸೆಜಾನ್‌ನ ಚಿತ್ರಗಳು ಹೆಚ್ಚು ನಿಚ್ಚಳವಾಗಿ ಕಾಣುತ್ತವೆ ಎನ್ನುತ್ತಾನೆ. ಸಿಲ್ವಿಯಾ ಬೀಚಳ ಪುಸ್ತಕದಂಗಡಿಗೆ ಬಂದರೆ ಅಲ್ಲಿ ಜರ್ಮನಿಯಿಂದ ಅವನ ಹೆಸರಿಗೆ ೬೦೦ ಫ್ರಾಂಕು ಕಾದಿದೆ. ನೆಟ್ಟಗೆ ಲಿಪ್ ಎಂಬ ಹೋಟೆಲಿಗೆ ಹೋಗಿ ಬಿಯರು, ಎಣ್ಣೆ ಹಾಕಿದ ಆಲೂಗಡ್ಡೆ, ಸಾಸೇಜು ತರಿಸಿಕೊಂಡು ನಿಧಾನವಾಗಿ ಉಣ್ಣುತ್ತಾನೆ. ಓದುತ್ತ ಓದುತ್ತ ನಮಗೇ ಹಸಿವಾಗುತ್ತದೆ. ಊಟವನ್ನು ಹೀಗೆ ಬರೆಯಬಲ್ಲವರು ಯಾವ ಭಾಷೆಯಲ್ಲಿಯೂ ಹೆಚ್ಚು ಮಂದಿ ಇಲ್ಲ.

ಆದರೆ ಪೆನ್ಸಿಲು ಸುಮ್ಮನಿರುವುದಿಲ್ಲ. ಈ ಬಡ ಸಂಸಾರದಲ್ಲಿ ಮನೆಗೆಲಸಕ್ಕೆ ಹೆಂಗಸಿದ್ದಾಳೆ. ಚಳಿಗಾಲ ಬಂದರೆ ಆಸ್ಟ್ರಿಯಾದ ಬೆಟ್ಟಗಳಲ್ಲಿ ಹಿಮದ ಮೇಲೆ ಜಾರುವ ಆಟವಿದೆ. ಕುದುರೆ ಜೂಜಿದೆ. ೧೯೨೫ರಲ್ಲಿ ಮೀರೋನ ‘ದಿ ಫಾರ್ಮ್’ ಎಂಬ ಚಿತ್ರವನ್ನು ಈತ ಕೊಂಡದ್ದು ೫,೦೦೦ ಫ್ರಾಂಕಿಗೆ. ಸ್ವಲ್ಪ ಸಾಲ ಮಾಡಿಯೇ ಕೊಂಡ, ನಿಜ. ಇದೆಲ್ಲ ಹೇಗೆ ಸಾಧ್ಯವಾಯಿತು? ಹೆಂಡತಿ ಹ್ಯಾಡ್ಲಿಗೆ ತವರಿನ ಆಸ್ತಿಯಿಂದ ವರ್ಷಕ್ಕೆ ಸುಮಾರು ೩,೦೦೦ ಡಾಲರು ಬರುತ್ತಿತ್ತು. ಆ ಬಂಡವಾಳದಲ್ಲಿ ಒಂದು ಭಾಗ ಮುಂದೆ ಕರಗಿತೆಂಬುದನ್ನೂ ಹೇಳಬೇಕು; ಕೆಲವು ತಿಂಗಳು ಅವರಿಗೆ ಕೈ ಕಟ್ಟಿದ್ದು ಸುಳ್ಳಲ್ಲ. ಆದರೂ ದಿನಕ್ಕೆ ಎಂಟು ಡಾಲರಿನ ಆದಾಯವೆಂದರೆ ಆ ದಿನಗಳ ಪ್ಯಾರಿಸ್ಸಿನಲ್ಲಿ ಏನು ಎಂಬುದನ್ನು ಹೇಳಬಲ್ಲ ಸಾಕ್ಷಿ ಒಬ್ಬನಿದ್ದಾನೆ. ಅವನು ಬೇರೆ ಯಾರೂ ಅಲ್ಲ, ಇಪ್ಪತ್ತೆರಡು ವರ್ಷದ ಹೆಮಿಂಗ್ವೇಯೇ.

೧೯೨೨ರ ಫೆಬ್ರವರಿಯಲ್ಲಿ ‘ಟೊರಾಂಟೊ ಸ್ಟಾರ್’ ವಾರಪತ್ರಿಕೆಯಲ್ಲಿ ಅವನದೊಂದು ಲೇಖನ ಪ್ರಕಟವಾಯಿತು. ವರ್ಷಕ್ಕೆ ೧,೦೦೦ ಡಾಲರು ಇದ್ದರೆ ಪ್ಯಾರಿಸ್ಸಿನಲ್ಲಿ ಸುಖವಾಗಿ ಬಾಳಬಹುದು ಎಂಬುದೇ ಅದರ ತಿರುಳು. ಕೋಣೆಗೆ ಇಷ್ಟು, ಊಟಕ್ಕೆ ಇಷ್ಟು ಎಂದು ಶ್ಯಾನುಭೋಗರ ಹಾಗೆ ಲೆಕ್ಕ ಕೊಡುತ್ತಾನೆ. ಡಾಲರಿಗೆ ಸುಮಾರು ೧೨ ಫ್ರಾಂಕು ಸಿಗುತ್ತಿದ್ದುದೇ ಈ ಸುಖದ ಮೂಲವೆಂದು ಮುಚ್ಚುಮರೆಯಿಲ್ಲದೆ ಒಪ್ಪುತ್ತಾನೆ. ಅಂದರೆ ಸಾವಿರ ಡಾಲರು ಸುಖಜೀವನ. ಅದೇ ಮನುಷ್ಯ ಮುಪ್ಪಿನಲ್ಲಿ ನೆನೆದುಕೊಂಡಾಗ ಮೂರು ಸಾವಿರ ಡಾಲರು ಬಡತನ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನು ಸ್ಟ್ರಾಸ್‌ಬೂರಿನಿಂದ ರೈನ್ ನದಿ ದಾಟಿ ಜರ್ಮನಿಯ ಕೇಲ್ ಎಂಬ ಊರಿಗೆ ಹೋಗಿ ಬಂದ. ಹತ್ತು ಫ್ರಾಂಕಿಗೆ ೬೭೦ ಮಾರ್ಕು ಸಿಕ್ಕಿತು. ಗಂಡಹೆಂಡಿರು ದಿನವೆಲ್ಲ ಖರ್ಚು ಮಾಡಿದರೂ ಹಣ ಮುಗಿಯಲಿಲ್ಲ. ಸೇಬಿನ ಅಂಗಡಿಯ ಮುಂದೆ ಬಿಳಿ ಗಡ್ಡದ ಒಬ್ಬ ಮುದುಕ ಬೆಲೆ ವಿಚಾರಿಸಿದ. ೧೨ ಮಾರ್ಕು ಎಂದಾಗ ತಲೆಯಾಡಿಸಿ ಹೊರಟುಹೋದ. ಜೀವಮಾನದ ಉಳಿತಾಯವನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇಟ್ಟ ವರ್ಗದವನಿರಬೇಕು ಎಂದು ಹೆಮಿಂಗ್ವೇ ಊಹಿಸುತ್ತಾನೆ. ಸಂಜೆ ಸ್ಟ್ರಾಸ್‌ಬೂರಿನ ಹುಡುಗರು ಬಂದು ಮಿಠಾಯಿ ಅಂಗಡಿಗೆ ಮುಗಿಬಿದ್ದು ಹೊಟ್ಟೆ ಬಿರಿಯುವಂತೆ ಕೇಕು ತಿಂದರು. ಪರದೇಶಿಯ ಅಗ್ಗವೆಂದರೆ ಊರವನ ತುಟ್ಟಿ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಪತ್ರಿಕಾ ಲೇಖನವನ್ನು ನಾನು ಓದಿಲ್ಲ. ನನ್ನ ಆಕ್ಷೇಪಣೆ ಇರುವುದು ಇಲ್ಲಿ. ಹಬ್ಬದ ಪುಸ್ತಕ ಬರೆದ ಹಿರಿಯನಿಗೆ ಈ ಸತ್ಯ ತಿಳಿಯದೆ ಇರಲಿಲ್ಲ. ತಿಳಿದದ್ದನ್ನು ಅವನು ಬದಿಗಿಟ್ಟ. ಅವನು ವರ್ಣಿಸುವ ವರ್ಷಗಳಲ್ಲಿಯೇ ಫ್ರಾಂಕು ಕುಸಿಯುತ್ತ ಹೋಗಿ ೧೯೨೬ರ ಜುಲೈಯಲ್ಲಿ ಡಾಲರಿಗೆ ೫೦ರ ಹತ್ತಿರಕ್ಕೆ ಬಂತು. ಕೂಡಿಟ್ಟವರ ಗಂಟು ಕರಗಿತು. ವಿದೇಶಿ ಪ್ರವಾಸಿಗಳ ಬಸ್ಸುಗಳನ್ನು ಕಂಡು ಪ್ಯಾರಿಸ್ಸಿನ ಜನ ಛೀ ಥೂ ಎಂದರು. ಪುಸ್ತಕದಲ್ಲಿ ಇದಕ್ಕೆ ಸ್ಥಳವಿಲ್ಲ.

ಆರ್ವೆಲ್ ಬಂದಾಗ ಫ್ರಾಂಕು ಪ್ವಾಂಕಾರೆಯ ಕೈಯಲ್ಲಿ ಒಂದು ನೆಲೆಗೆ ನಿಂತಿತ್ತು: ಡಾಲರಿಗೆ ಸುಮಾರು ೨೫, ಪೌಂಡಿಗೆ ೧೨೪. ೧೯೩೩ರಲ್ಲಿ ಪ್ರಕಟವಾದ ಅವನ ‘ಡೌನ್ ಅಂಡ್ ಔಟ್ ಇನ್ ಪ್ಯಾರಿಸ್ ಅಂಡ್ ಲಂಡನ್’ ಕಲೆಗಾರಿಕೆಯಲ್ಲಿ ಹೆಮಿಂಗ್ವೇಯ ಹತ್ತಿರ ನಿಲ್ಲುವುದಿಲ್ಲ. ಪಾತ್ರಗಳು ಬಣ್ಣದ ವೇಷದವು. ನಡುವೆ ಯಾರೋ ಹೇಳಿದ ಕಥೆಗಳು ಸಪ್ಪೆ. ಆದರೆ ಹಣದ ವಿಷಯಕ್ಕೆ ಬಂದಾಗ ಇವನ ಕಣ್ಣು ತಪ್ಪುವುದಿಲ್ಲ. ಕೋಣೆಯಲ್ಲಿ ಕಳ್ಳತನವಾಗಿ ಉಳಿದದ್ದು ೪೭ ಫ್ರಾಂಕು. ಅಲ್ಲಿಂದ ದಿನಕ್ಕೆ ಆರು ಫ್ರಾಂಕಿನ ಜೀವನ. ಒಂದು ಷಿಲಿಂಗು, ಕಾಲು ಡಾಲರಿಗೂ ಕಡಿಮೆ. ಕೊನೆಯ ೮೦ ಸಾಂತೀಮಿಗೆ ಕೊಂಡ ಹಾಲನ್ನು ಕಾಯಿಸುವಾಗ ತಿಗಣೆಯೊಂದು ಬೀಳುತ್ತದೆ. ಹಾಲು ಚೆಲ್ಲಿ ಉಪವಾಸ. ಬಟ್ಟೆ ಒಗೆಯುವವಳು ದಾರಿಯಲ್ಲಿ ಕಂಡು, ಬಟ್ಟೆ ಯಾಕೆ ಕೊಡುತ್ತಿಲ್ಲವೆಂದು ಕೇಳುತ್ತಾಳೆ. ಇವನು ತೊದಲಿದರೆ, ಬೇರೆಯವಳಿಗೆ ಕೊಡುತ್ತಿದ್ದಾನೆಂದು ತಿಳಿದು ಆಜನ್ಮ ವೈರಿಯಾಗುತ್ತಾಳೆ. ಬಡತನ ಸುಳ್ಳು ಹೇಳಿಸುತ್ತದೆ, ಆ ಸುಳ್ಳೂ ದುಬಾರಿ ಎಂಬ ಈ ಸೂಕ್ಷ್ಮ ಹಬ್ಬದ ಪುಸ್ತಕದಲ್ಲಿ ಇಲ್ಲ. ಊಟದ ಹೊತ್ತಿಗೆ ಮನೆಯಿಂದ ಹೊರಬಿದ್ದು ಇವನೂ ಲಕ್ಸೆಂಬೂರ್ ಉದ್ಯಾನಕ್ಕೇ ಹೋಗಿ ಪಾರಿವಾಳ ನೋಡುತ್ತ ಕೂರುತ್ತಾನೆ. ಆದರೆ ಹಸಿವಿನಿಂದ ಇವನಿಗೆ ಚಿತ್ರಗಳು ನಿಚ್ಚಳವಾಗುವುದಿಲ್ಲ; ಫ್ಲೂ ಜ್ವರ ಬಿಟ್ಟು ಎದ್ದವನಂತೆ ಮಿದುಳೂ ಬೆನ್ನುಮೂಳೆಯೂ ಇಲ್ಲವಾಗುತ್ತವೆ.

ಮುಖ್ಯವಾದ ವ್ಯತ್ಯಾಸ ಇಬ್ಬರ ಸ್ವಭಾವದಲ್ಲಿಲ್ಲ, ಅವರಿಗೆ ಸಂಬಳ ಬರುತ್ತಿದ್ದ ನಾಣ್ಯದಲ್ಲಿದೆ. ಒಬ್ಬ ಡಾಲರಿನಲ್ಲಿ ಪಡೆದು ಫ್ರಾಂಕಿನಲ್ಲಿ ಉಂಡ. ಇನ್ನೊಬ್ಬ ಹೋಟೆಲಿನ ನೆಲಮಾಳಿಗೆಯಲ್ಲಿ ಪಾತ್ರೆ ತೊಳೆದು ಫ್ರಾಂಕಿನಲ್ಲಿಯೇ ದುಡಿದ. ಆದ್ದರಿಂದ ಲಿಪ್‌ನಂಥ ಹೋಟೆಲಿನ ಬಿಳಿಯ ಬಾಗಿಲಿನ ಹಿಂದೆ ಏನಿರುತ್ತದೆಂಬುದು ಅವನಿಗೆ ಕಂಡಿತು.

ಆರ್ವೆಲ್ ಪೂರ್ತಿ ಸಾಚಾ ಎಂದು ನಾನು ವಾದಿಸುವುದಿಲ್ಲ. ಅವನ ಸೋದರತ್ತೆಯೋ ಚಿಕ್ಕಮ್ಮನೋ ಆಗಬೇಕಾದ ನೆಲ್ಲಿ ಲಿಮೂಜಾನ್ ಆಗ ಪ್ಯಾರಿಸ್ಸಿನಲ್ಲಿಯೇ ಇದ್ದಳು. (ಇಂಗ್ಲಿಷಿನ ‘ಆಂಟ್’ ನಮ್ಮನ್ನು ಹೀಗೆ ಪೇಚಿಗೆ ಸಿಕ್ಕಿಸುತ್ತದೆ, ಆಕೆ ತಾಯಿಯ ಕಡೆಯವಳಾದ್ದರಿಂದ ಚಿಕ್ಕಮ್ಮ ಅಥವಾ ದೊಡ್ಡಮ್ಮ ಎನ್ನುವುದೇ ಸರಿ.) ಪುಸ್ತಕದಲ್ಲಿ ಅವಳ ಸುಳಿವಿಲ್ಲ. ಹೋಗಿ ಬಾಗಿಲು ತಟ್ಟಬಹುದಾದ ಮನೆ ಊರಿನಲ್ಲಿದ್ದವನ ಉಪವಾಸ ಬೇರೆ, ಇಲ್ಲದವನ ಉಪವಾಸ ಬೇರೆ. ಘಟನೆಗಳು ಬಹುಮಟ್ಟಿಗೆ ನಡೆದವೇ, ಕ್ರಮವನ್ನು ಬದಲಾಯಿಸಿದ್ದೇನೆ ಎಂದು ೧೯೩೭ರಲ್ಲಿ ಅವನೇ ಬರೆದಿದ್ದಾನೆ. ಆದರೆ ಈ ಚಿಕ್ಕಮ್ಮನನ್ನು ಬಿಟ್ಟದ್ದು ಕ್ರಮದ ಬದಲಾವಣೆಯಲ್ಲ.

ಹಾಗಿದ್ದರೂ ಎರಡರಲ್ಲಿ ಒಂದನ್ನು ನಂಬಬೇಕಾದರೆ ನಾನು ಪೋ ದ ಫೆರ್ ಓಣಿಯವನನ್ನು ನಂಬುತ್ತೇನೆ. ಕಾರಣ ರೊಟ್ಟಿಯಂಗಡಿಯ ಒಂದು ಚಿಕ್ಕ ಪ್ರಸಂಗ. ಪೌಂಡು ರೊಟ್ಟಿಗೆ ಒಂದು ಫ್ರಾಂಕು. ಇವನ ಕೈಯಲ್ಲಿರುವುದು ಸರಿಯಾಗಿ ಒಂದೇ ಫ್ರಾಂಕು. ಮುಂದೆ ನಿಂತ ಗಿರಾಕಿಗೆ ಅಂಗಡಿಯ ಹುಡುಗಿ ರೊಟ್ಟಿ ಕತ್ತರಿಸುವಾಗ ತುಸು ಹೆಚ್ಚಾಗಿ, ಇನ್ನೆರಡು ಸೂ ಕೊಡುವಿರಾ ಎಂದು ಕೇಳುತ್ತಾಳೆ. ತನ್ನ ಸರದಿಯಲ್ಲಿಯೂ ಹೀಗೆ ಕೇಳಿಬಿಟ್ಟರೆ? ಇವನು ರೊಟ್ಟಿ ಕೊಳ್ಳದೆ ಅಲ್ಲಿಂದ ಓಡುತ್ತಾನೆ.