ರಜಸ್ಸೂತಕ: ವಚನದ ನಿಲುವು, ಮನೆಯ ನಡೆ

ಹಳಗನ್ನಡದ ‘ಪೊಲೆ’, ನಡುಗನ್ನಡದ ‘ಹೊಲೆ’ ಎಂಬ ಪದವು ಸ್ತ್ರೀಯರ ಮಾಸಿಕ ಸ್ರಾವವನ್ನೂ ಅದಕ್ಕೆ ಅಂಟಿದ್ದೆಂದು ಲೋಕವು ನಂಬಿದ ಮೈಲಿಗೆಯನ್ನೂ ಒಟ್ಟಿಗೆ ಸೂಚಿಸುತ್ತದೆ. ಅದೇ ಪದವು ಮನುಷ್ಯರ ಒಂದು ಸಮುದಾಯವನ್ನು ಊರ ಹೊರಗಿರಿಸುವ ಮಾತಾಗಿಯೂ ಬಳಕೆಗೆ ಬಂದಿತು. ಹೆಣ್ಣನ್ನು ತಿಂಗಳಿಗೆ ಮೂರು ದಿನ ಹೊರಗಿರಿಸಿದ ನುಡಿಯೇ ಮನುಷ್ಯನನ್ನು ಜೀವಮಾನವಿಡೀ ಹೊರಗಿರಿಸಿತೆಂಬ ಈ ಸಂಗತಿಯನ್ನು ನಿಘಂಟುಕಾರರಿಗಿಂತ ಬಹು ಮುಂಚೆ ಕಂಡುಕೊಂಡವರು ಹನ್ನೆರಡನೆಯ ಶತಮಾನದ ಶರಣರು. ಬಸವಣ್ಣನವರ ಪ್ರಸಿದ್ಧ ವಚನವೊಂದು ಈ ಪದದಿಂದಲೇ ಆರಂಭವಾಗುತ್ತದೆ. ಹೆಣ್ಣಿನ ರಜಸ್ಸಿಲ್ಲದೆ ಗರ್ಭಕ್ಕೆ ನೆಲೆಯೇ ಇಲ್ಲವೆಂಬುದು ಅದರ ಮೊದಲ ಮಾತಿನ ತಾತ್ಪರ್ಯ. ಕಮ್ಮಾರ, ಅಗಸ, ನೇಕಾರ, ಬ್ರಾಹ್ಮಣರೆಲ್ಲರೂ ತಂತಮ್ಮ ಕೆಲಸದಿಂದ ಹಾಗಾದರು, ಹುಟ್ಟಿನ ದಾರಿ ಎಲ್ಲರಿಗೂ ಒಂದೇ, ಕಿವಿಯಿಂದ ಹುಟ್ಟಿ ಬಂದವರು ಲೋಕದಲ್ಲಿ ಯಾರೂ ಇಲ್ಲ ಎಂಬುದು ಮುಂದಿನ ವಾದದ ಸಾರ.

ಈ ವಚನವನ್ನು ಜಾತಿನಿರಸನದ ವಚನವೆಂದು ಓದುವುದು ವಾಡಿಕೆ. ಆ ಓದು ತಪ್ಪೆನ್ನುವಂತಿಲ್ಲ. ಆದರೆ ಅದು ಅರ್ಧದ ಓದು. ಕುಲದ ಮಾತನ್ನು ಸಭೆಯಲ್ಲಿ ಎತ್ತಿ ಹೇಳುವ ಉಪನ್ಯಾಸಕಾರರು ವಚನದ ಮೊದಲ ಪದ ಬಂದೊಡನೆ ಧ್ವನಿ ತಗ್ಗಿಸಿ ಮುಂದೆ ಹೋಗುವುದುಂಟು. ಸಂಕೋಚ ಸಹಜವಾದದ್ದೇ. ಆದರೆ ವಾದದ ಬುನಾದಿಯೇ ಆ ಪದದಲ್ಲಿದೆ. ಯಾವುದನ್ನು ಹೊಲಸೆಂದು ದೂರವಿಟ್ಟರೋ ಅದರಿಂದಲೇ ದೂರವಿಟ್ಟವನೂ ಹುಟ್ಟಿದ್ದಾನೆ. ಆದ್ದರಿಂದ ಹೆಣ್ಣಿನ ಮೈಯನ್ನು ಮೈಲಿಗೆಯೆನ್ನುವವನು ತನ್ನ ಶುಚಿತ್ವವನ್ನು ತಾನೇ ಅಳಿಸಿಕೊಳ್ಳುತ್ತಾನೆ. ಜಾತಿಸೂತಕವೂ ರಜಸ್ಸೂತಕವೂ ಒಂದೇ ಬೇರಿನ ಎರಡು ಕೊಂಬೆಗಳೆಂದು ಈ ವಚನ ಕಾಣಿಸುತ್ತದೆ. ಒಂದನ್ನು ಕಡಿದು ಇನ್ನೊಂದನ್ನು ನೀರೆರೆದು ಬೆಳೆಸಿಕೊಳ್ಳಲು ಅದರಲ್ಲಿ ಅವಕಾಶವಿಲ್ಲ.

ವೀರಶೈವ ಆಚಾರವು ಜಾತಿ, ಜನನ, ಪ್ರೇತ, ರಜಸ್ಸು, ಉಚ್ಛಿಷ್ಟ ಎಂಬ ಪಂಚಸೂತಕಗಳನ್ನು ನಿರಾಕರಿಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಆದರೆ ಈ ನಿರಾಕರಣೆಗೆ ಆಧಾರವಾಗಿ ಎರಡು ಬೇರೆ ಬೇರೆ ವಾದಗಳಿವೆ ಎಂಬುದರತ್ತ ವಿದ್ಯಾರ್ಥಿಗಳ ಗಮನ ಹರಿದದ್ದು ಕಡಿಮೆ. ‘ಸಿದ್ಧಾಂತ ಶಿಖಾಮಣಿ’ಯು ಲಿಂಗಾರ್ಚನೆಯಲ್ಲಿ ನಿರತಳಾದ ಸ್ತ್ರೀಗೆ ಋತುಕಾಲದಲ್ಲಾಗಲಿ ಪ್ರಸೂತಿಯಲ್ಲಾಗಲಿ ಸೂತಕವಿಲ್ಲವೆಂದು ವಿಧಿಸುತ್ತದೆ. ಇಷ್ಟಲಿಂಗವು ದೇಹವನ್ನು ಅಗಲಬಾರದೆಂಬುದು ಮೂಲನಿಯಮ. ಮೂರು ದಿನದ ಮೈಲಿಗೆಯನ್ನು ಒಪ್ಪಿದರೆ ಒಂದೋ ಲಿಂಗವನ್ನು ಕಳಚಿಡಬೇಕು, ಇಲ್ಲವೇ ಲಿಂಗಕ್ಕೇ ಮೈಲಿಗೆ ತಗಲಿತೆನ್ನಬೇಕು. ಎರಡೂ ಅಸಂಗತ, ಆದ್ದರಿಂದ ಸೂತಕವೇ ಇಲ್ಲ. ತರ್ಕ ದೋಷರಹಿತವಾಗಿದೆ. ಆದರೂ ಇದರ ಸ್ವರೂಪ ವಿನಾಯಿತಿಯದು. ಲಿಂಗವಿದ್ದವಳಿಗೆ ಸೂತಕವಿಲ್ಲ ಎಂದಾಗ, ಇಲ್ಲದವಳಿಗೆ ಉಂಟೇ ಎಂಬ ಪ್ರಶ್ನೆ ಬಾಗಿಲಲ್ಲಿ ನಿಂತೇ ಇರುತ್ತದೆ.

ಬಸವಣ್ಣನವರ ವಚನದ ವಾದಕ್ಕೆ ಇಂಥ ಕಟ್ಟುಪಾಡಿಲ್ಲ. ಅದು ದೀಕ್ಷೆಯನ್ನು ಕೇಳುವುದಿಲ್ಲ, ಮತವನ್ನು ಕೇಳುವುದಿಲ್ಲ. ತಾಯಿಯಿಂದ ಹುಟ್ಟಿದವರೆಲ್ಲರನ್ನೂ ಒಳಗೊಳ್ಳುತ್ತದೆ. ಮೊದಲನೆಯದು ಶಾಸ್ತ್ರದ ಒಳಗಿನಿಂದ ಸೂತಕಕ್ಕೆ ತಡೆ ಹಾಕುತ್ತದೆ, ಎರಡನೆಯದು ಸೂತಕವೆಂಬ ಕಲ್ಪನೆಯನ್ನೇ ಕಿತ್ತುಹಾಕುತ್ತದೆ. ಈ ವ್ಯತ್ಯಾಸ ಪಂಡಿತರ ಜಿಜ್ಞಾಸೆಗೆ ಮಾತ್ರ ಸೇರಿದ್ದೆಂದು ತಿಳಿಯಬಾರದು. ಮಗಳಿಗೆ ಲಿಂಗದೀಕ್ಷೆಯಾಗುವ ಮುನ್ನವೇ ಮೈನೆರೆಯುವ ವಯಸ್ಸು ಬಂದ ಮನೆಯಲ್ಲಿ ವಿನಾಯಿತಿಯ ವಾದ ಕೈಕೊಡುತ್ತದೆ. ‘ಅವಳಿಗಿನ್ನೂ ಲಿಂಗವಾಗಿಲ್ಲವಲ್ಲ’ ಎಂಬ ಒಂದು ಮಾತಿನ ಆಸರೆಯಲ್ಲಿ ಚಾಪೆ, ತಟ್ಟೆ, ಲೋಟ ಎಲ್ಲವೂ ಬೇರೆಯಾಗುತ್ತವೆ.

ಎದುರುಪಕ್ಷದ ನಿರೂಪಣೆಯನ್ನೂ ನೋಡಬೇಕು. ತೈತ್ತಿರೀಯ ಸಂಹಿತೆಯ ಕಥೆಯಲ್ಲಿ ತ್ವಷ್ಟೃವಿನ ಮಗ ವಿಶ್ವರೂಪನನ್ನು ಕೊಂದ ಇಂದ್ರನಿಗೆ ಬ್ರಹ್ಮಹತ್ಯೆ ಬೆನ್ನು ಹತ್ತುತ್ತದೆ. ಅವನು ಅದನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಸ್ತ್ರೀಯರಿಗೆ ಹಂಚುತ್ತಾನೆ; ಪ್ರತಿಯಾಗಿ ಒಬ್ಬೊಬ್ಬರಿಗೂ ಒಂದೊಂದು ವರ ಕೊಡುತ್ತಾನೆ. ಸ್ತ್ರೀಯರ ಪಾಲಿನ ಪಾಪವೇ ರಜಸ್ಸು, ಸಂತಾನವೇ ವರ. ಕೊಲೆ ಮಾಡಿದವನು ಇಂದ್ರ, ಹೊರೆ ಹೊತ್ತವಳು ಹೆಣ್ಣು ಎಂಬುದನ್ನು ಕಥೆಯೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ಸ್ಮೃತಿಕಾರರ ಕಾಲಕ್ಕೆ ಆ ಒಪ್ಪಿಗೆಯೂ ಮರೆಯಾಗಿ ನಿಷೇಧವಷ್ಟೇ ಉಳಿಯಿತು. ಪರಾಶರಸ್ಮೃತಿಯು ಎಂಟರ ಹುಡುಗಿಯನ್ನು ಗೌರಿ, ಒಂಬತ್ತರವಳನ್ನು ರೋಹಿಣಿ, ಹತ್ತರವಳನ್ನು ಕನ್ಯೆ ಎಂದು ಕರೆದು, ಅದಾದ ಮೇಲೆ ರಜಸ್ವಲೆಯೆನ್ನುತ್ತದೆ. ಅಷ್ಟರೊಳಗೆ ಮದುವೆ ಮಾಡದ ತಂದೆಗೆ ಪಾಪವನ್ನು ಹೇಳುತ್ತದೆ. ಮಗುವಿನ ದೇಹಧರ್ಮವು ತಂದೆಯ ಅಪರಾಧವಾಗುವ ಈ ಲೆಕ್ಕ ವಿಚಿತ್ರವಾದದ್ದು.

ಕಥೆಯಲ್ಲಿ ಹೆಣ್ಣಿನೊಡನೆ ಪಾಲು ಪಡೆದ ಭೂಮಿಗೆ ಲೋಕರೂಢಿಯು ತೋರಿದ ಮನ್ನಣೆಯೇ ಬೇರೆ. ತುಳುನಾಡಿನ ಕೆಡ್ಡಸದಲ್ಲಿ ಭೂಮಿತಾಯಿ ಮೂರು ದಿನ ಋತುಮತಿಯಾಗಿರುವಳೆಂದು ಭಾವಿಸಿ ಉಳುವುದನ್ನೂ ಅಗೆಯುವುದನ್ನೂ ನಿಲ್ಲಿಸುತ್ತಾರೆ. ಒಡಿಶಾದ ರಜಪರ್ವದಲ್ಲಿಯೂ ಹೀಗೆಯೇ. ಭೂಮಿಗೆ ಆ ಮೂರು ದಿನ ವಿಶ್ರಾಂತಿ ದೊರೆಯುತ್ತದೆ. ಮಗಳಿಗೆ ದೊರೆಯುವುದು ಮೂಲೆ.

ದೇಹಶಾಸ್ತ್ರವು ಈಗ ಹೇಳುವುದೇನು ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ತಿಳಿಯಬೇಕಾಗಿದೆ. ಏಕೆಂದರೆ ವಚನಗಳಲ್ಲಿ ಆಧುನಿಕ ವಿಜ್ಞಾನವೆಲ್ಲ ಅಡಗಿದೆಯೆಂಬ ಉತ್ಸಾಹದ ಮಾತುಗಳು ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತವೆ. ಹುಡುಗಿಯ ಬೆಳವಣಿಗೆಯ ಆರಂಭವು ಗರ್ಭಕೋಶದಲ್ಲಿಲ್ಲ, ಮೆದುಳಿನಲ್ಲಿದೆ. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗವು ಬಾಲ್ಯದುದ್ದಕ್ಕೂ ಬಹುಮಟ್ಟಿಗೆ ಸುಮ್ಮನಿದ್ದು, ಒಂದು ಹಂತದಲ್ಲಿ ಅಲೆಯಲೆಯಾಗಿ ಒಂದು ರಸವನ್ನು ಸ್ರವಿಸತೊಡಗುತ್ತದೆ. ಅದರ ಪ್ರೇರಣೆಯಿಂದ ಪಿಟ್ಯುಟರಿ ಗ್ರಂಥಿ, ಅದರ ಆಣತಿಯಂತೆ ಅಂಡಾಶಯ, ಅಂಡಾಶಯದಿಂದ ಈಸ್ಟ್ರೋಜೆನ್. ಸ್ತನಗಳ ಮೊಗ್ಗು ಸಾಮಾನ್ಯವಾಗಿ 8ರಿಂದ 13ರ ವಯಸ್ಸಿನೊಳಗೆ ಮೂಡುತ್ತದೆ; ಮೊದಲ ಋತು ಬರುವುದು ಅದಾಗಿ ಎರಡು ಎರಡೂವರೆ ವರ್ಷಗಳ ಬಳಿಕ. ಹಾಗೆಂದಮೇಲೆ ಮೈನೆರೆಯುವ ದಿನವು ಬೆಳವಣಿಗೆಯ ಆರಂಭವೂ ಅಲ್ಲ, ಕೊನೆಯೂ ಅಲ್ಲ. ನಡುವಿನ ಒಂದು ಘಟ್ಟ. ಎತ್ತರದ ವೇಗ ಆಗ ಇಳಿಮುಖವಾಗಿರುತ್ತದೆ, ಕಟಿಯ ಎಲುಬುಗಳ ಬೆಳವಣಿಗೆ ಇನ್ನೂ ಕೆಲವು ವರ್ಷ ನಡೆಯುತ್ತದೆ. ಮೊದಲ ಒಂದೆರಡು ವರ್ಷಗಳ ಅನೇಕ ಋತುಚಕ್ರಗಳಲ್ಲಿ ಅಂಡವೇ ಬಿಡುಗಡೆಯಾಗುವುದಿಲ್ಲ. ‘ದೊಡ್ಡವಳಾದಳು’ ಎಂದು ಊರೆಲ್ಲ ಸಾರುವ ದಿನ ಅವಳಿನ್ನೂ ಎಷ್ಟು ಚಿಕ್ಕವಳೆಂಬುದನ್ನು ಅವಳ ಎಲುಬೇ ಹೇಳುತ್ತಿರುತ್ತದೆ.

ಸ್ರಾವವೆಂದರೆ ಪ್ರತಿ ತಿಂಗಳೂ ಗರ್ಭಕೋಶದ ಒಳಗೋಡೆಯು ಗರ್ಭವನ್ನು ನಿರೀಕ್ಷಿಸಿ ಹೆಣೆದುಕೊಂಡ ಮೆತ್ತನೆಯ ಪದರ. ಗರ್ಭ ನಿಲ್ಲದಿದ್ದಾಗ ಅದು ಕಳಚಿ ಬೀಳುತ್ತದೆ. ಸಾಮಾನ್ಯವಾಗಿ ಹೊರಹೋಗುವ ರಕ್ತ 30ರಿಂದ 80 ಮಿಲಿಲೀಟರಿನಷ್ಟು. ಅದರಲ್ಲಿ ವಿಷವಿಲ್ಲ, ಮುಟ್ಟಿದರೆ ಉಪ್ಪಿನಕಾಯಿ ಕೆಡದು, ತುಳಸಿ ಬಾಡದು. ಇದಕ್ಕಿಂತಲೂ ವಿಸ್ಮಯದ ಸಂಗತಿಯೊಂದುಂಟು. ಹೆಣ್ಣಿನ ಅಂಡಾಣುಗಳೆಲ್ಲ ರೂಪುಗೊಳ್ಳುವುದು ಅವಳು ಸ್ವತಃ ತಾಯಿಯ ಗರ್ಭದಲ್ಲಿದ್ದಾಗ. ಹುಟ್ಟುವಾಗ ಹತ್ತಿಪ್ಪತ್ತು ಲಕ್ಷವಿದ್ದ ಅವು ಋತುಪ್ರಾಪ್ತಿಯ ವೇಳೆಗೆ ಮೂರು ನಾಲ್ಕು ಲಕ್ಷಕ್ಕಿಳಿದಿರುತ್ತವೆ.

ಇದನ್ನೆಲ್ಲ ಮುಂದಿಟ್ಟುಕೊಂಡು ಬಸವಣ್ಣನವರ ವಚನವನ್ನು ಓದಿದರೆ ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಬೇಕಾಗುತ್ತದೆ. ವಚನದ ಗರ್ಭವಿಜ್ಞಾನವು ಅದರ ಕಾಲದ್ದು. ಶುಕ್ಲಶೋಣಿತಗಳ ಸಂಯೋಗದಿಂದ ಪಿಂಡವೆಂಬ ಆಯುರ್ವೇದದ ತಿಳಿವಳಿಕೆಯೇ ಅದರ ಹಿನ್ನೆಲೆ. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಎರ್ನ್ಸ್ಟ್ ಫಾನ್ ಬೇರ್ ಗುರುತಿಸಿದ್ದು 1827ರಲ್ಲಿ. ಹನ್ನೆರಡನೆಯ ಶತಮಾನಕ್ಕೆ ಆ ಅರಿವನ್ನು ಆರೋಪಿಸುವುದು ಶರಣರಿಗೆ ಸಲ್ಲಿಸುವ ಗೌರವವಾಗದು. ಗರ್ಭಕ್ಕೆ ಆಸರೆ ಹೊರಬಿದ್ದ ರಕ್ತವಲ್ಲ, ಬೀಳದೆ ಉಳಿದ ಪದರ. ವಿವರದಲ್ಲಿ ವ್ಯತ್ಯಾಸವಿದ್ದರೂ ವಾದ ಕುಸಿಯುವುದಿಲ್ಲ. ಅದು ನಿಂತಿರುವುದು ಎಲ್ಲರ ಹುಟ್ಟೂ ಒಂದೇ ಬಗೆಯದೆಂಬ ಕಣ್ಣೆದುರಿನ ಸತ್ಯದ ಮೇಲೆ. ವಿಜ್ಞಾನವು ನಾಳೆ ಇನ್ನೊಂದು ವಿವರವನ್ನು ತಿದ್ದಿದರೂ ಆ ವಾದಕ್ಕೆ ಹಾನಿಯಿಲ್ಲ. ವಚನವನ್ನು ವಿಜ್ಞಾನದ ಊರುಗೋಲಿನ ಮೇಲೆ ನಿಲ್ಲಿಸುವವರು ಅದರ ನೈತಿಕ ಬಲವನ್ನೇ ಕುಗ್ಗಿಸುತ್ತಾರೆ ಎನ್ನದೆ ವಿಧಿಯಿಲ್ಲ.

ಮೈನೆರೆಯುವಿಕೆಯನ್ನು ಇನ್ನೂ ನೇರವಾಗಿ ಎದುರಿಸಿದ ವಚನವು ಜೇಡರ ದಾಸಿಮಯ್ಯನದು. ಹರೆಯದಲ್ಲಿ ದೇಹದ ಮೇಲೆ ಮೂಡುವ ಕುರುಹುಗಳನ್ನು ಕಂಡು ಲೋಕವು ಒಬ್ಬರನ್ನು ಹೆಣ್ಣೆಂದೂ ಇನ್ನೊಬ್ಬರನ್ನು ಗಂಡೆಂದೂ ಕರೆಯುತ್ತದೆ, ಒಳಗೆ ಸುಳಿಯುವ ಆತ್ಮಕ್ಕೆ ಆ ಭೇದವಿಲ್ಲ ಎಂಬುದು ಅದರ ಅಭಿಪ್ರಾಯ. ಕುರುಹುಗಳನ್ನು ದಾಸಿಮಯ್ಯ ಅಲ್ಲಗಳೆಯುವುದಿಲ್ಲ, ಹೇಸುವುದೂ ಇಲ್ಲ; ಹೆಸರಿಡುವ ಲೋಕದ ಆತುರವನ್ನಷ್ಟೇ ಗುರುತಿಸುತ್ತಾನೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯ ಪ್ರಸಂಗವು ಇದರ ಮುಂದುವರಿಕೆಯಂತಿದೆ. ತುಂಬುಹರೆಯದವಳು ಇಲ್ಲಿಗೇಕೆ ಬಂದೆಯೆಂದು ಪ್ರಭುದೇವರು ಕೇಳುತ್ತಾರೆ. ಉಡುಗೆಯನ್ನು ಬಿಟ್ಟವಳು ಕೂದಲ ಮರೆಯನ್ನೇಕೆ ಬಿಡಲಿಲ್ಲವೆಂದೂ ಕೆಣಕುತ್ತಾರೆ. ದೇಹದ ಗುರುತುಗಳು ನೋಡುವವರನ್ನು ನೋಯಿಸಬಾರದೆಂಬ ಕಾರಣಕ್ಕೆ ಮುಚ್ಚಿದ್ದೇನೆಂಬುದು ಅವಳ ಉತ್ತರದ ಇಂಗಿತ. ಮೈಯಲ್ಲಿ ದೋಷವಿದೆಯೆಂದು ಅಕ್ಕ ಒಪ್ಪಲಿಲ್ಲ. ತೊಡಕು ನೋಟದ್ದೆಂದು ಹಿಂದಿರುಗಿಸಿದಳು. ಪಂಚಸೂತಕದ ಚರ್ಚೆಯಲ್ಲಿ ಈ ಸಂವಾದವನ್ನು ಸೇರಿಸಿ ಓದುವ ಪದ್ಧತಿ ಬೆಳೆಯದಿರುವುದು ವಚನವಿಮರ್ಶೆಯ ಒಂದು ಕೊರತೆ.

ಇನ್ನು ಮನೆಯ ನಡೆ. ‘ಒಸಗೆ’ ಎಂಬ ಹಳೆಯ ಪದಕ್ಕೆ ಶುಭವಾರ್ತೆ, ಸಂತೋಷದ ಸಮಾರಂಭ ಎಂಬ ಅರ್ಥಗಳಿವೆ; ಮೈನೆರೆದ ಹುಡುಗಿಗೆ ಮಾಡುವ ಶಾಸ್ತ್ರಕ್ಕೂ ಆ ಹೆಸರುಂಟು. ‘ಮೈನೆರೆ’ ಎಂಬ ಮಾತೂ ಅಷ್ಟೇ ಚೆಲುವಾದದ್ದು, ಮೈ ತುಂಬಿತೆಂಬ ಭಾವ ಅದರಲ್ಲಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಸೋದರಮಾವ ಹಸಿರು ಸೊಪ್ಪು ತಂದು ಗುಡ್ಲು ಹಾಕುತ್ತಾನೆ. ಎಳ್ಳುಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ಕೊಡುತ್ತಾರೆ. ಸಂಜೆ ಹಸೆಯ ಮೇಲೆ ಕೂರಿಸಿ ಮುತ್ತೈದೆಯರು ಸೋಬಾನೆ ಹಾಡಿ ಆರತಿ ಬೆಳಗುತ್ತಾರೆ. ಇದರಲ್ಲಿ ಹೆಂಗಸರು ಹೆಂಗಸರಿಗೆ ತೋರುವ ಅಕ್ಕರೆಯಿದೆ. ತಿನಿಸಿನಲ್ಲಿ ವಿವೇಕವೂ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿತ್ತು. ಅಂಥವರಿಗೆ ಒಳ್ಳೆಯ ಊಟ ಹನ್ನೊಂದು ದಿನಕ್ಕೆ ಮುಗಿಯದೆ ವರ್ಷವಿಡೀ ನಡೆದರೆ ಬೇಡವೆನ್ನುವವರಾರು?

ಕಷ್ಟವಿರುವುದು ಆ ಗುಡ್ಲು ಆರತಿಗೂ ಹೊರಗಿರಿಸುವುದಕ್ಕೂ ಒಂದೇ ಆಗಿರುವುದರಲ್ಲಿ. ಹೊಗಳಿಕೆಯ ಹಾಡು, ಮುಟ್ಟಬಾರದೆಂಬ ಕಟ್ಟಳೆ ಎರಡೂ ಅದೇ ಸೂರಿನಡಿ ನಡೆಯುತ್ತವೆ. ಮಗು ಎರಡನ್ನೂ ಒಟ್ಟಿಗೆ ಕಲಿಯುತ್ತದೆ. ಊರಿಗೆಲ್ಲ ಹೋದ ಕರೆ ಇನ್ನೊಂದು ಸುದ್ದಿಯನ್ನೂ ಹೊತ್ತಿರುತ್ತದೆ: ಮನೆಯಲ್ಲಿ ಮದುವೆಗೆ ಬಂದ ಹುಡುಗಿಯಿದ್ದಾಳೆ ಎಂಬುದು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24 ವರ್ಷದ ಹೆಂಗಸರ ಪೈಕಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿ 18 ತುಂಬುವ ಮೊದಲೇ ಮದುವೆಯಾದವರಾಗಿದ್ದರು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆ ಬಂದು ಹತ್ತು ವರ್ಷಗಳ ಮೇಲಾಗಿದ್ದ ಕಾಲದ ಅಂಕಿ ಇದು.

ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಋತುಮತಿಯರನ್ನು ಊರಾಚೆ ಇರಿಸುವ ರೂಢಿಯನ್ನು ಪತ್ರಿಕೆಗಳಲ್ಲಿ ಓದಿ ಮರುಕಪಡುವುದು ಸುಲಭ. ಪಂಚಸೂತಕಗಳಿಲ್ಲವೆಂದು ನಂಬಿದ ಮನೆಗಳ ಹಿತ್ತಿಲ ಕೋಣೆಯತ್ತ ನೋಡುವುದು ಅಷ್ಟು ಸುಲಭವಲ್ಲ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರು ಸೀಮೆಯಲ್ಲಿ ಬಾಳಿದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾನ ಗ್ರಂಥದಲ್ಲಿ ಲಿಂಗವಂತರು ಸ್ತ್ರೀಯರ ಋತುಕಾಲದ ಮೈಲಿಗೆಯನ್ನೂ ಸಾವಿನ ಮೈಲಿಗೆಯನ್ನೂ ಪಾಲಿಸುವುದಿಲ್ಲವೆಂಬ ಮಾತಿದೆ. ಅದನ್ನೇ ಹಿಡಿದು ಇವರಿಗೆ ಹೊಳೆಯೇ ಬೇಡವೆಂದು ಉಳಿದವರು ಗಾದೆ ಕಟ್ಟಿ ಆಡಿಕೊಳ್ಳುತ್ತಿದ್ದರೆಂದೂ ಅದು ತಿಳಿಸುತ್ತದೆ. ಪಾದ್ರಿಗೆ ಈ ಮತದ ಮೇಲೆ ಪ್ರೀತಿಯೇನೂ ಇರಲಿಲ್ಲ. ಆದ್ದರಿಂದಲೇ ಅವನ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಸುಮಾರು ಇನ್ನೂರು ವರ್ಷಗಳ ಹಿಂದೆ ಲೋಕವು ಯಾವ ಕಾರಣಕ್ಕಾಗಿ ನಕ್ಕಿತೋ ಆ ಕಾರಣ ಇಂದು ಎಷ್ಟು ಮನೆಗಳಲ್ಲಿ ಉಳಿದಿದೆ ಎಂಬುದನ್ನು, ಮೊದಲ ಬಾರಿ ಮುಟ್ಟಾದ ಹುಡುಗಿ ಮರುದಿನ ಬೆಳಗ್ಗೆ ಕರಡಿಗೆ ಬಿಚ್ಚಿ ಪೂಜೆಗೆ ಕೂರುತ್ತಾಳೆಯೋ ಇಲ್ಲವೋ ಎಂಬುದರಿಂದ ತಿಳಿಯಬಹುದು.